ಅಂಕಯ್ಯನಿಗೆ ಕೇಳಿಸಿದ ಶಬ್ದ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬೆಳಗಿನ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟದ್ದನ್ನು ಕಂಡವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಜನ ಹತ್ತಿ ಕೂತಿರುತ್ತಿದ್ದರು. ಕೋಳಿಗಳು ಸೀಟಿನ ಕೆಳಗೆ, ತೆಂಗಿನಕಾಯಿ ಮೂಟೆಗಳು ಟಾಪಿನ ಮೇಲೆ, ಎಲೆ ಅಡಿಕೆ ಬಾಯೊಳಗೆ, ಎಲ್ಲವೂ ತಂತಮ್ಮ ಜಾಗ ಸೇರಿರುತ್ತಿದ್ದವು. ಡ್ರೈವರ್ ಅಂಕಯ್ಯ ಮಾತ್ರ ಖಾಕಿ ಟೋಪಿ ಇಟ್ಟುಕೊಂಡು ಕೆಳಗೇ ಇರುತ್ತಿದ್ದ. ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬೆರಳ ಗೆಣ್ಣಿನಿಂದ ತಟ್ಟುವುದು, ತಲೆ ಓರೆ ಮಾಡಿ ಆಲಿಸುವುದು, ಎದ್ದು ಇನ್ನೊಂದು ಚಕ್ರಕ್ಕೆ ಹೋಗುವುದು. ಹೊಸಬರು ಯಾರಾದರೂ ರೇಗಿದರೆ ಪಕ್ಕದವರು, "ಸುಮ್ಕಿರಿ ಸ್ವಾಮಿ, ಅವ್ನು ಕೇಳಿಸ್ಕತಾ ಅವ್ನೆ" ಎನ್ನುತ್ತಿದ್ದರು. ಏನು ಕೇಳಿಸಿಕೊಳ್ಳುತ್ತಾನೆ ಎಂದು ಕೇಳಿದರೆ ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಉತ್ತರ ನನಗೆ ಗೊತ್ತು. ಸ್ವಲ್ಪ ಉದ್ದದ ಕಥೆ, ಕೂತು ಕೇಳಬೇಕು.

ಅಂಕಯ್ಯ ಮೊದಲಿನಿಂದ ಹೀಗಿದ್ದವನಲ್ಲ. ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ ನಮ್ಮ ಕಡೆ ಬಸ್ಸುಗಳು ಇದ್ದಿಲು ತಿನ್ನತೊಡಗಿದವಲ್ಲ, ಆಗ ಅವನು ಈ ಬಸ್ಸಿನ ಡ್ರೈವರನಾದ. ಬಸ್ಸಿನ ಬೆನ್ನಿಗೆ ಒಂದು ಉರುಟು ಡಬ್ಬ ಕಟ್ಟಿರುತ್ತಿದ್ದರು. ಅದಕ್ಕೆ ಇದ್ದಿಲು ತುಂಬಿ, ಕೆಂಡ ಮಾಡಿ, ಕೈಯಿಂದ ತಿದಿ ತಿರುಗಿಸಿ, ಆ ಹೊಗೆಯಿಂದ ಎಂಜಿನ್ನು ಓಡಬೇಕು. ದಿಬ್ಬ ಬಂದರೆ ಜನರೇ ಇಳಿದು ನೂಕಬೇಕು. ಕಾಸು ಕೊಟ್ಟು ಟಿಕೇಟು ತೆಗೆದುಕೊಂಡವರೇ ಬಸ್ಸನ್ನು ಮಳವಳ್ಳಿಗೆ ಮುಟ್ಟಿಸುತ್ತಿದ್ದರು ಎಂದರೂ ತಪ್ಪಿಲ್ಲ.

ಬಸ್ಸಿನ ಯಜಮಾನ ಪುಟ್ಟಮಾದಯ್ಯ. ಕೆಟ್ಟವನಲ್ಲ, ಆದರೆ ಬಸ್ಸು ನಿಂತರೆ ತನ್ನ ಉಸಿರೇ ನಿಂತಂತೆ ಆಡುವವನು. ಅಂಕಯ್ಯ ಮೊದಮೊದಲು ಅವನಿಗೆ ಹೇಳಿ ನೋಡಿದ್ದ. ಬ್ರೇಕು ಹಿಡಿಯುತ್ತಿಲ್ಲ ಎಂದ, ಹಿಂದಿನ ಚಕ್ರ ಓಲಾಡುತ್ತದೆ ಎಂದ, ಸ್ಟೇರಿಂಗು ತಾನು ತಿರುಗಿಸಿದ ಮೇಲೆ ಯೋಚನೆ ಮಾಡಿ ತಿರುಗುತ್ತದೆ ಎಂದ. ಪುಟ್ಟಮಾದಯ್ಯನ ಉತ್ತರ ಎಲ್ಲಕ್ಕೂ ಒಂದೇ.

"ಓಡುಸ್ಲಾ ಸುಮ್ಕೆ. ನಂಗೇನು ಕೇಳ್ತಾ ಇಲ್ಲ."

ವರ್ಷಗಟ್ಟಲೆ ಇದೇ ಮಾತು ಕೇಳಿದ ಮೇಲೆ ಅಂಕಯ್ಯ ಹೇಳುವುದನ್ನೇ ಬಿಟ್ಟ. ಹೇಳಿದರೆ ಕೇಳುವವರಿಲ್ಲದಿದ್ದರೆ ಬಾಯಿಗೂ ಬೇಸರ ಬರುತ್ತದೆ. ಅವನ ಮನಸ್ಸಿನಲ್ಲಿ ಉಳಿದಿದ್ದದ್ದು ಒಂದೇ ಆಸೆ. ಬೇರೆ ಯಾರೂ ಓಡಿಸಿ ಕೆಡಿಸದ ಹೊಸ ಗಾಡಿಯೊಂದನ್ನು ಒಮ್ಮೆಯಾದರೂ ಓಡಿಸಬೇಕು. ಅವನ ಕೈಗೆ ಬಂದ ಗಾಡಿಗಳೆಲ್ಲ ಮೂರು ಮನೆ ಮುಗಿಸಿಕೊಂಡು ಬಂದ ಮುದಿ ಎತ್ತುಗಳೇ. ಹೊಸದು ಎಂದರೆ ಹೇಗಿರುತ್ತದೆ? ಅದರ ಸದ್ದು ಎಂಥದು? ಹೆಂಡತಿ ಮಾಯಮ್ಮನ ಬಳಿ ಇದನ್ನು ಹೇಳಿದಾಗ ಅವಳು ರಾಗಿ ಬೀಸುವುದನ್ನು ನಿಲ್ಲಿಸದೆಯೇ, "ವಸ ಸೀರೆ ಎಂಗಿರ್ತದೆ ಅಂತ ನಂಗೂ ಮರ್ತೋಗದೆ" ಎಂದಿದ್ದಳು.

ಯುದ್ಧ ಮುಗಿದ ಮರುವರ್ಷ ಆ ಆಸೆಗೆ ಒಂದು ದಾರಿ ಕಂಡಿತು. ಮಂಡ್ಯದಲ್ಲಿ ವಕೀಲಿ ಮಾಡುತ್ತಿದ್ದ ಸಂಪತ್ ಕುಮಾರ ಅಯ್ಯಂಗಾರ್ಯರು ಹೊಸ ಕಾರಿಗೆ ಆರ್ಡರು ಕೊಟ್ಟರು. ಅದು ಸಾಮಾನ್ಯ ಕಾರಲ್ಲವಂತೆ, ಇಂಗ್ಲೆಂಡಿನಲ್ಲಿ ಆಗತಾನೇ ಹೊರಬಿದ್ದ ಓಟದ ಕಾರಂತೆ, ನಮ್ಮ ಕಡೆಗೆ ಇದೇ ಮೊದಲಂತೆ. ವಕೀಲರು ಅದರ ಚಿತ್ರವನ್ನು ಯಾವುದೋ ಪತ್ರಿಕೆಯಿಂದ ಕತ್ತರಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡಿದ್ದರು. ಪಕ್ಕದಿಂದ ತೆಗೆದ ಚಿತ್ರ. ಉದ್ದನೆಯ ಮೂತಿ, ತಂತಿ ಚಕ್ರ, ಅಷ್ಟೇ ಕಾಣುತ್ತಿತ್ತು.

ವಕೀಲರ ತಾಯಿ ತಿರುಮಲಮ್ಮನವರು ಆ ಮನೆಯ ಹೈಕೋರ್ಟು. ಅವರು ಚಿತ್ರ ನೋಡಿ, "ಸರಿ, ತರಿಸು. ಆದರೆ ಓಡಿಸುವವನು ಬೇಕಲ್ಲ" ಎಂದರು. ಮಗ ಏನೋ ಹೇಳಲು ಬಾಯಿ ತೆರೆದರು. ತಾಯಿ ಮುಂದುವರಿಸಿದರು: "ನಿಮ್ಮ ತಾತನ ಕಾಲದಿಂದ ಈ ಮನೆಯಲ್ಲಿ ಗಾಡಿ ಹೊಡೆಯುವವನು ಬೇರೆ, ಗಾಡಿಯಲ್ಲಿ ಕೂರುವವರು ಬೇರೆ. ನಮ್ಮವರು ಯಾರೂ ಹಗ್ಗ ಹಿಡಿದವರಲ್ಲ." ಮಗ ಬಾಯಿ ಮುಚ್ಚಿಕೊಂಡರು. ಕೋರ್ಟಿನಲ್ಲಿ ಸಾಕ್ಷಿಗಳ ನೀರಿಳಿಸುವ ಮನುಷ್ಯ ತಾಯಿಯ ಮುಂದೆ ನೀರು ಕುಡಿಯುತ್ತಿದ್ದರು.

ಹೀಗೆ ಅಂಕಯ್ಯನಿಗೆ ಕರೆ ಬಂತು. ಅವನು ಪುಟ್ಟಮಾದಯ್ಯನಿಗೆ ಬಸ್ಸು ಒಪ್ಪಿಸಿ ಬಂದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ತಿರುಮಲಮ್ಮನವರು ಅದನ್ನು ಅಕ್ಷರಶಃ ಮಾಡಿದರು. ಮಂಡ್ಯದ ದರ್ಜಿಯನ್ನು ಕರೆಸಿ ಅಂಕಯ್ಯನಿಗೆ ಖಾಕಿ ಕೋಟು, ಖಾಕಿ ಚಡ್ಡಿ, ಮೇಲೊಂದು ಟೋಪಿ ಹೊಲಿಸಿದರು. ಹಿತ್ತಲಿನಲ್ಲಿ ಕಾರಿಗೆ ಶೆಡ್ಡು ಕಟ್ಟಿಸಲು ಹೊರಟು, "ಎಷ್ಟು ದೊಡ್ಡದು ಬೇಕಪ್ಪ?" ಎಂದು ಅಂಕಯ್ಯನನ್ನೇ ಕೇಳಿದರು. ಅವನು ಕಂಡ ಮೋಟಾರು ಎಂದರೆ ಬಸ್ಸು. ಕೈ ಅಗಲಿಸಿ ತೋರಿಸಿದ. ಶೆಡ್ಡು ಮನೆಗಿಂತ ಎತ್ತರ ಎದ್ದಿತು.

ಎಲ್ಲ ತಯಾರಾಯಿತು, ಕಾರು ಮಾತ್ರ ಬರಲಿಲ್ಲ.

ಅದು ಹಡಗಿನಲ್ಲಿ ಮದ್ರಾಸಿಗೆ ಬಂದು ಇಳಿದದ್ದು ನಿಜ, ಅಲ್ಲಿಂದ ಬೆಂಗಳೂರಿನ ದಂಡು ಪ್ರದೇಶದ ಮೋಟಾರು ಕಂಪನಿಗೆ ಬಂದದ್ದೂ ನಿಜ. ಅಲ್ಲಿಗೆ ಬಂದು ಕೂತುಬಿಟ್ಟಿತು. ವಕೀಲರು ವಿಚಾರಿಸಿದರೆ ಕಂಪನಿಯವರು, ಎಂಜಿನ್ನಿನ ಮೇಲಿನ ಮುಚ್ಚಳ ಓಡುವಾಗ ತಾನಾಗಿ ತೆರೆದುಕೊಳ್ಳುತ್ತದೆ, ಅದರ ಕೊಂಡಿ ಬದಲಾಯಿಸಬೇಕು ಎಂದರು. ಕೊಂಡಿ ಬದಲಾಯಿಸಿ ಆದ ಮೇಲೆ, ಮೇಲೆ ಹೊದಿಸುವ ಬಟ್ಟೆಯ ಸಂದಿನಲ್ಲಿ ನೀರು ಸೋರುತ್ತದೆ ಎಂದರು. ಸೋರುವುದು ನಿಂತ ಮೇಲೆ, ಬಾಗಿಲಿನ ಬಳಿ ಬಣ್ಣ ಗುಳ್ಳೆ ಎದ್ದಿದೆ ಎಂದರು. ಹೊಸ ಮಾದರಿಯ ಕಾರು, ಪ್ರತಿಯೊಂದನ್ನೂ ಪರೀಕ್ಷೆ ಮಾಡದೆ ಯಾರಿಗೂ ಒಪ್ಪಿಸಕೂಡದು ಎಂದು ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಹುಕುಂ ಆಗಿದೆಯಂತೆ.

ಮಂಡ್ಯದವರಿಗೆ ಇದು ಸುತರಾಂ ಅರ್ಥವಾಗಲಿಲ್ಲ. ನಮ್ಮಲ್ಲಿ ವ್ಯಾಪಾರ ಎಂದರೆ ಎತ್ತಿನ ವ್ಯಾಪಾರ. ಕೊಳ್ಳುವವನು ಹಲ್ಲು ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ನೊಗ ಇಟ್ಟು ಹೊಡೆದು ನೋಡುತ್ತಾನೆ. ಮಾರುವವನ ಕೆಲಸ ಎಂದರೆ ಅಷ್ಟು ಹೊತ್ತು ಎತ್ತು ಕುಂಟದ ಹಾಗೆ ನೋಡಿಕೊಳ್ಳುವುದು. ಇಲ್ಲಿ ನೋಡಿದರೆ ಮಾರುವವನೇ ತನ್ನ ಮಾಲಿನ ಐಬು ಹುಡುಕುತ್ತಿದ್ದಾನೆ! ಹುಡುಕಿ, ಸಿಕ್ಕಿತು ಎಂದು ಡಂಗುರ ಬೇರೆ ಹೊಡೆಯುತ್ತಿದ್ದಾನೆ. ಇಂಥದನ್ನು ಯಾರು ನಂಬುತ್ತಾರೆ? ಕಾರನ್ನು ಹೆಚ್ಚಿನ ರೇಟಿಗೆ ಇನ್ಯಾರಿಗೋ ಮಾರಿರುತ್ತಾರೆ ಎಂದು ಕೆಲವರು. ಕಾರೇ ಬಂದಿಲ್ಲ, ಬರೀ ಚಿತ್ರ ಬಂದಿದೆ ಎಂದು ಕೆಲವರು.

ಅಂಕಯ್ಯ ದಿನವೂ ಮದ್ದೂರಿನಿಂದ ರೈಲು ಹತ್ತಿ ಖಾಕಿ ಉಡುಪಿನಲ್ಲಿ ಮಂಡ್ಯಕ್ಕೆ ಹೋಗುತ್ತಿದ್ದ. ಹನಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತರೆ ಸಾಕು, ತರಕಾರಿ ಬುಟ್ಟಿ ಹತ್ತಿಸುವವರು ಕಿಟಕಿಗೆ ಮುಖ ಹಚ್ಚಿ, "ಬಂತೇನ್ಲಾ ಅಂಕಯ್ಯ, ನಿನ್ ಕಾರು?" ಎಂದು ಕೇಳುತ್ತಿದ್ದರು.

"ಪರೀಕ್ಸೆ ಮಾಡ್ತಾವ್ರೆ ಕಣ್ರಲಾ."

"ಅದೇನು ಮಿಡ್ಲು ಸ್ಕೂಲು ಪಾಸು ಮಾಡ್ಬೇಕಾ?"

ಮಂಡ್ಯ ಮುಟ್ಟಿ ಅವನು ಮಾಡುತ್ತಿದ್ದ ಕೆಲಸ ಎಂದರೆ ಖಾಲಿ ಶೆಡ್ಡು ಗುಡಿಸುವುದು. ಆಮೇಲೆ ಅದರ ಬಾಗಿಲಿನಲ್ಲಿ ಟೋಪಿ ಇಟ್ಟುಕೊಂಡು ಕೂರುವುದು. ಜನ ಬಂದು ಖಾಲಿ ಶೆಡ್ಡು ನೋಡಿಕೊಂಡು ಹೋಗುತ್ತಿದ್ದರು. ಅವನಿಗೆ ನಾಚಿಕೆಗಿಂತ ಕುತೂಹಲವೇ ಹೆಚ್ಚು. ಅಷ್ಟೊಂದು ಪರೀಕ್ಷೆ ಮಾಡುವುದಕ್ಕೆ ಒಂದು ಗಾಡಿಯಲ್ಲಿ ಏನಿರುತ್ತದೆ? ಯಾರು ನೋಡುತ್ತಾರೆ? ಹೇಗೆ ನೋಡುತ್ತಾರೆ? ಅವನ ಬಸ್ಸನ್ನು ಯಾರಾದರೂ ಹೀಗೆ ಪರೀಕ್ಷೆ ಮಾಡಿದ್ದರೆ ಅದು ಮದ್ದೂರಿನ ಗಡಿ ದಾಟುತ್ತಿರಲಿಲ್ಲ.

ಕೊನೆಗೆ ಒಂದು ದಿನ ವಕೀಲರಿಗೇ ತಾಳ್ಮೆ ಕೆಟ್ಟಿತು. "ನಡಿ ಅಂಕಯ್ಯ, ಹೋಗಿ ನೋಡಿಯೇ ಬರೋಣ" ಎಂದರು. ಇಬ್ಬರೂ ಬೆಂಗಳೂರಿನ ರೈಲು ಹತ್ತಿದರು.

ದಂಡಿನ ಕಂಪನಿಯ ಕಾರ್ಖಾನೆಯಲ್ಲಿ ಪರೀಕ್ಷೆಯ ಮೇಸ್ತ್ರಿ ಮರಿಯಯ್ಯ ಎಂಬಾತ. ಹೆಸರು ಕೇಳಿದ ಕೂಡಲೇ ಅಂಕಯ್ಯ ಊರು ಕೇಳಿದ. ಕೊಕ್ಕರೆ ಬೆಳ್ಳೂರು! ಸೀಮೆಯ ಕಾರನ್ನು ತಡೆದು ನಿಲ್ಲಿಸಿರುವವನು ಮದ್ದೂರು ತಾಲ್ಲೂಕಿನವನೇ ಎಂದು ತಿಳಿದು ಅಂಕಯ್ಯನಿಗೆ ಬೈಯಬೇಕೋ ಹೆಮ್ಮೆ ಪಡಬೇಕೋ ತಿಳಿಯಲಿಲ್ಲ. ಮರಿಯಯ್ಯ ಸಣ್ಣ ಮೈಯಿನ, ನಿಧಾನದ ಮನುಷ್ಯ. ಅವರನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಬಟ್ಟೆ ಎಳೆದ.

ಕೆಳಗೆ ಕಾರಿತ್ತು. ಕೆಂಪು ಬಣ್ಣ. ಅಂಕಯ್ಯನ ಸೊಂಟದಷ್ಟೂ ಎತ್ತರವಿಲ್ಲ. ಮೂತಿಯೇ ಮುಕ್ಕಾಲು ಪಾಲು. ಅವನು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೆರಳು ತಾಗಿಸಲು ಹೆದರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಎರಡನೇ ಸುತ್ತಿನಲ್ಲಿ ಒಳಗೆ ಬಗ್ಗಿ ನೋಡಿದ. ಮುಂದೆ ಎರಡು ಸೀಟು. ಹಿಂದೆ? ಹಿಂದೆ ಏನೂ ಇಲ್ಲ. ಸೀಟಿನ ಬೆನ್ನು ಮುಗಿದಲ್ಲಿಗೆ ಕಾರೂ ಮುಗಿಯಿತು.

"ಸ್ವಾಮಿ," ಎಂದ ಅಂಕಯ್ಯ ಮೆಲ್ಲಗೆ, "ನೀವು ಎಲ್ಲಿ ಕೂರೋದು?"

ವಕೀಲರು ಕೆಮ್ಮಿದರು. ಮರಿಯಯ್ಯ ಸ್ಪ್ಯಾನರು ತರುವ ನೆಪ ಮಾಡಿ ಆಚೆ ಹೋದ.

"ನೋಡು ಅಂಕಯ್ಯ, ಇದು ಓಟದ ಕಾರು. ಇದನ್ನ ಕೊಂಡವರೇ ಓಡಿಸಬೇಕು. ಪಕ್ಕದಲ್ಲಿ ಗೋದಾ ಕೂರ್ತಾಳೆ." ಗೋದಾ ಅವರ ಹೆಂಡತಿ. "ಅಮ್ಮನಿಗೆ ಹೇಳೋಕೆ ಇನ್ನೂ ಧೈರ್ಯ ಬಂದಿಲ್ಲ. ನೀನೂ ಈಗಲೇ ಹೇಳಬೇಡ. ಕಾರು ಬರೋವರೆಗೂ ನೀನು ನಮ್ಮ ಡ್ರೈವರೇ. ಬಂದ ಮೇಲೆ... ಬಂದ ಮೇಲೆ ನೋಡೋಣ."

ಬಂದ ಮೇಲೆ ನೋಡುವುದಕ್ಕೆ ಏನಿದೆ ಎಂಬುದು ಅಂಕಯ್ಯನಿಗೆ ಅಲ್ಲಿಯೇ ಕಂಡಿತು. ಕಾರು ಬಂದ ದಿನ ಅವನ ಕೆಲಸ ಹೋಗುತ್ತದೆ. ಇಷ್ಟು ದಿನ ಯಾವ ತಡಕ್ಕೆ ಶಾಪ ಹಾಕುತ್ತಿದ್ದನೋ ಆ ತಡವೇ ಅವನಿಗೆ ಅನ್ನ ಹಾಕುತ್ತಿತ್ತು.

ಅಷ್ಟರಲ್ಲಿ ಮರಿಯಯ್ಯ ಬಂದು, ಎಲ್ಲ ಸರಿಯಾಗಿದೆ, ಕೊನೆಯದಾಗಿ ರಸ್ತೆಯ ಮೇಲೆ ಓಡಿಸಿ ನೋಡುವುದೊಂದು ಬಾಕಿ ಎಂದ. "ಪಕ್ಕದಲ್ಲಿ ಒಬ್ಬ ಓಡ್ಸೋನು ಕೂತಿದ್ರೆ ನಂಗೆ ವಾಸಿ. ಎರಡು ಜೊತೆ ಕಿವಿ ಇರ್ತವೆ. ಬತ್ತೀಯಾ?" ಎಂದು ಅಂಕಯ್ಯನನ್ನು ಕರೆದ. ವಕೀಲರು ಕಾರ್ಖಾನೆಯಲ್ಲೇ ಕಾಫಿ ಕುಡಿಯುತ್ತ ಕೂತರು.

ಕಾರು ಊರಾಚೆ ಬಂದು ಓಡತೊಡಗಿತು. ಓಡಿಸುತ್ತಿದ್ದವನು ಮರಿಯಯ್ಯ. ಒಂದು ಕೈ ಸ್ಟೇರಿಂಗಿನ ಮೇಲೆ, ತಲೆ ಓರೆ, ಕಣ್ಣು ಅರ್ಧ ಮುಚ್ಚಿ ಬರೀ ಆಲಿಸುತ್ತಿದ್ದ. ಇಷ್ಟೊಂದು ಗಾಳಿಯ ಗದ್ದಲದಲ್ಲಿ ಏನು ತಾನೇ ಕೇಳುತ್ತದೆ ಎಂದು ಅಂಕಯ್ಯ ಕೇಳಿದ.

"ನಮ್ಮೂರ್ನಲ್ಲಿ ಉಣಿಸೆ ಮರದ ತುಂಬ ಕೊಕ್ಕರೆ ಮರಿಗಳು ಅರಚ್ತಾ ಇರ್ತವಲ್ಲ, ಅದ್ರಾಗೆ ಒಂದು ಮರಿ ಗೂಡಿಂದ ಜಾರಿದ್ರೆ ನಮ್ಮವ್ವಂಗೆ ಒಲೆ ಮುಂದೆ ಕೂತೇ ಕೇಳೋದು" ಎಂದ ಮರಿಯಯ್ಯ. "ಅದೇ ಅಭ್ಯಾಸ." ಸ್ವಲ್ಪ ದೂರ ಹೋಗಿ ಕಾರು ನಿಲ್ಲಿಸಿದ. "ನಂಗೇನು ಕೇಳ್ನಿಲ್ಲ. ನಿಂಗೆ?"

ಅಂಕಯ್ಯನಿಗೂ ಏನೂ ಕೇಳಿಸಿರಲಿಲ್ಲ. ಆ ಕಾರು ಎಣ್ಣೆ ಹಚ್ಚಿದ ಹಾಗೆ ಓಡಿತ್ತು. ಆದರೆ ಅವನ ಕಣ್ಣೆದುರು ಮಾಯಮ್ಮ ಬಂದಳು, ಪುಟ್ಟಮಾದಯ್ಯನ ಮುಂದೆ ಮತ್ತೆ ಕೈಕಟ್ಟಿ ನಿಂತ ತಾನೂ ಬಂದ.

"ಒಂದು ಸಬ್ದ ಕೇಳ್ತು" ಎಂದುಬಿಟ್ಟ.

"ಎಂಥ ಸಬ್ದ?"

"ಕಟ್... ಕಟ್ ಅಂತ. ಕೆಳಗೆ ಎಲ್ಲೋ."

ಮರಿಯಯ್ಯ ನಂಬಲಿಕ್ಕಿಲ್ಲ, ಪುಟ್ಟಮಾದಯ್ಯನ ಹಾಗೆ ಮಾತು ತಳ್ಳಿಹಾಕುತ್ತಾನೆ ಎಂದು ಅಂಕಯ್ಯ ಎಣಿಸಿದ್ದ. ಹಾಗಾಗಲಿಲ್ಲ. ಮರಿಯಯ್ಯ ಅವನ ಮುಖವನ್ನು ಒಮ್ಮೆ ನೋಡಿ, ತಲೆಯಾಡಿಸಿ, ಕಾರು ತಿರುಗಿಸಿದ. ಕಾರ್ಖಾನೆಗೆ ಬಂದು ವಕೀಲರಿಗೆ ಹೇಳಿದ: "ಒಂದು ಸಬ್ದ ಅದೆ ಸ್ವಾಮಿ. ಸಿಗೋವರ್ಗೂ ಕೊಡಕ್ಕಾಗಕಿಲ್ಲ." ವಕೀಲರು ಅಂಕಯ್ಯನ ಬೆನ್ನು ತಟ್ಟಿದರು. ತಾಯಿಗೆ ಹೇಳುವ ದಿನ ಮುಂದೆ ಹೋಯಿತಲ್ಲ, ಅವರಿಗೂ ಒಳಗೊಳಗೇ ಸಮಾಧಾನ.

ಅಂದು ಮನೆಗೆ ಬಂದು ಅಂಕಯ್ಯ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವನು ಅವಳಿಂದ ಏನನ್ನೂ ಮುಚ್ಚಿಡುವವನಲ್ಲ, ಮುಚ್ಚಿಟ್ಟರೂ ಅವಳು ಬಿಡುವವಳಲ್ಲ. ಮಾಯಮ್ಮ ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ.

"ಇಲ್ದಿರೋ ಸಬ್ದಾನ ಅವ್ನು ಎಲ್ಲಿ ಅಂತ ಉಡುಕಾನು?" ಎಂದಳು.

"ಎರಡು ದಿನ ಉಡ್ಕಿ ಬುಟ್ಬುಡ್ತಾನೆ ಬುಡು."

ಮರಿಯಯ್ಯ ಬಿಡಲಿಲ್ಲ. ಕಂಪನಿಯಿಂದ ವಕೀಲರಿಗೆ ಸುದ್ದಿ ಬರುತ್ತಲೇ ಇತ್ತು: ಚಕ್ರಗಳನ್ನು ಬಿಚ್ಚಿದ್ದಾರೆ, ಶಬ್ದ ಸಿಕ್ಕಿಲ್ಲ. ಗೇರು ಪೆಟ್ಟಿಗೆ ಇಳಿಸಿದ್ದಾರೆ, ಸಿಕ್ಕಿಲ್ಲ. ಸೀಟುಗಳನ್ನೂ ಕಿತ್ತು ನೋಡುತ್ತಿದ್ದಾರೆ. ತಿರುಮಲಮ್ಮನವರು ಪ್ರತಿ ಸುದ್ದಿಗೂ, "ನಮ್ಮ ಅಂಕಯ್ಯನ ಕಿವಿ ಅಂದರೆ ಕಿವಿ!" ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಹನಕೆರೆಯ ಕಿಟಕಿಯಲ್ಲಿ ಗೇಲಿ ನಿಂತು ಗೌರವ ಶುರುವಾಯಿತು. ಸೀಮೆಯ ದೊರೆಗಳಿಗೆ ಕೇಳಿಸದ್ದು ನಮ್ಮ ಅಂಕಯ್ಯನಿಗೆ ಕೇಳಿಸಿದೆ ಎಂದರೆ ಸಾಮಾನ್ಯವೇ? ಅಂಕಯ್ಯ ಮಾತ್ರ ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದ. ಶೆಡ್ಡು ಗುಡಿಸುವಾಗ, ಅಲ್ಲೊಬ್ಬ ಮನುಷ್ಯ ಕಾರಿನ ಅಡಿಯಲ್ಲಿ ಅಂಗಾತ ಮಲಗಿ ತನ್ನ ಸುಳ್ಳಿಗೆ ಕಿವಿಗೊಟ್ಟಿದ್ದಾನೆ ಎಂಬುದೇ ನೆನಪಾಗುತ್ತಿತ್ತು.

ಮಾವಿನ ಹೂವು ಬಿಡುವ ಕಾಲಕ್ಕೆ ಒಂದು ಬೆಳಿಗ್ಗೆ ಅಂಕಯ್ಯ ಮದ್ದೂರಿನ ಸ್ಟೇಷನ್ನಿಗೆ ಹೊರಟಿದ್ದಾನೆ, ಎದುರಿಗೆ ಕೆಂಪು ಕಾರು ಬಂದು ನಿಂತಿತು. ಮರಿಯಯ್ಯ ಒಬ್ಬನೇ ಇದ್ದ. ಮುಖ ಬತ್ತಿಹೋಗಿತ್ತು.

"ನನ್ ಕೈಲಿ ಆಗ್ನಿಲ್ಲ ಕಣಯ್ಯ," ಎಂದ. "ನಂಗೆ ಕೇಳ್ತಾನೇ ಇಲ್ಲ. ಅದ್ಕೆ ನಿನ್ನತ್ರಕ್ಕೇ ತಂದೆ. ನೀನೇ ಓಡ್ಸು, ನಿನ್ ರಸ್ತೇಲೇ ಓಡ್ಸು. ಎಲ್ಲಿ ಕೇಳ್ತು ಅಂತ ತೋರ್ಸು."

ಹೀಗೆ ಅಂಕಯ್ಯನ ಆಸೆ ಕೈಗೂಡಿತು. ಮಳವಳ್ಳಿ ರಸ್ತೆಯಲ್ಲಿ ಅವನು ಹೊಸ ಕಾರು ಓಡಿಸಿದ. ಸ್ಟೇರಿಂಗು ಅವನು ಅಂದುಕೊಂಡ ಕಡೆಗೆ ಅಂದುಕೊಂಡಾಗಲೇ ತಿರುಗಿತು. ಬ್ರೇಕು ಒತ್ತಿದರೆ ನಿಂತಿತು, ಬಿಟ್ಟರೆ ಓಡಿತು. ಬಸ್ಸಿನಲ್ಲಿ ಜನ ಇಳಿದು ನೂಕುತ್ತಿದ್ದ ದಿಬ್ಬವನ್ನು ಅದು ದಿಬ್ಬ ಎಂದೇ ಎಣಿಸದೆ ಹತ್ತಿತು. ಅವನಿಗೆ ಕಣ್ಣಲ್ಲಿ ನೀರು ಬಂತು, ಗಾಳಿಗೆ ಎಂದು ಒರೆಸಿಕೊಂಡ. ಪಕ್ಕದಲ್ಲಿ ಮರಿಯಯ್ಯ ಸೀಟಿನಿಂದ ಜಾರಿ, ಕಾರಿನ ತಳಕ್ಕೆ ಕಿವಿ ಹಚ್ಚಿ ಮುದುರಿಕೊಂಡಿದ್ದ. ಮತ್ತೆ ಮತ್ತೆ ತಲೆಯೆತ್ತಿ, "ಈಗ? ಈಗ ಕೇಳ್ತಾ?" ಎನ್ನುತ್ತಿದ್ದ.

ಒಂದು ಹೊಂಗೆಮರದ ನೆರಳಿನಲ್ಲಿ ಅಂಕಯ್ಯ ಕಾರು ನಿಲ್ಲಿಸಿದ. ಸ್ಟೇರಿಂಗಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಸಬ್ದ ಇರ್ನಿಲ್ಲ ಮೇಸ್ತ್ರಿ. ಅವತ್ತೂ ಇರ್ನಿಲ್ಲ. ಕಾರು ಬಂದ್ರೆ ನನ್ ಕೆಲ್ಸ ಓಯ್ತದೆ ಅಂತ ಸುಳ್ಳು ಯೋಳ್ದೆ."

ಮರಿಯಯ್ಯ ಎದ್ದು ಕೂತ. ಕಿವಿಗೆ ಅಂಟಿದ ಧೂಳು ಒರೆಸಿಕೊಂಡ. ಬೈದಿದ್ದರೆ ಅಂಕಯ್ಯನಿಗೆ ಸುಲಭವಾಗುತ್ತಿತ್ತು.

"ನಾನು ಸರ್ಯಾಗಿ ಉಂಡು ಯಾವ ಕಾಲವಾಯ್ತೋ," ಎಂದ ಮರಿಯಯ್ಯ. "ನನ್ ಕಿವೀನೇ ಓಯ್ತು ಅಂದ್ಕಂಡಿದ್ದೆ ಕಣಯ್ಯ."

"ನೀವ್ಯಾಕೆ ನಂಬುದ್ರಿ? ನಿಮಗೆ ಕೇಳ್ದೆ ಇದ್ದುದ್ದ ನಾನು ಕೇಳ್ತು ಅಂದ್ರೆ ನಂಬೋದಾ?"

ಮರಿಯಯ್ಯನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಓಡ್ಸೋನು ಕೇಳ್ತು ಅಂದ್ಮೇಲೆ ನಂಬ್ದೆ? ನನ್ ಕೆಲ್ಸ ಅಂದ್ರೆ ಅದೇ ಅಲ್ವಾ?"

ಅಂಕಯ್ಯ ತಲೆ ತಗ್ಗಿಸಿದ. ಆ ಕೆಟ್ಟ ಬ್ರೇಕಿನ ಬಗ್ಗೆ, ಓಲಾಡುವ ಚಕ್ರದ ಬಗ್ಗೆ ಅವನು ವರ್ಷಗಟ್ಟಲೆ ನಿಜ ಹೇಳಿದ್ದ. ಒಬ್ಬರೂ ಒಂದು ನಟ್ಟು ತಿರುಗಿಸಿ ನೋಡಿರಲಿಲ್ಲ. ಜೀವಮಾನದಲ್ಲಿ ಅವನ ಮಾತಿಗೆ ಮೊದಲ ಸಲ ಒಬ್ಬ ಮನುಷ್ಯ ಬೆಲೆ ಕೊಟ್ಟ, ಆ ಮಾತೇ ಸುಳ್ಳಾಗಿತ್ತು. ಈ ದುಃಖ ಅವನಿಗೆ ಕೆಲಸ ಹೋಗುವುದಕ್ಕಿಂತ ದೊಡ್ಡದಾಗಿ ಕಂಡಿತು.

"ನಡೀ, ಮಂಡ್ಯಕ್ಕೆ ಬುಡು," ಎಂದ ಮರಿಯಯ್ಯ. "ಸಬ್ದ ಅದೆ ಅಂದೋನು ನೀನು. ಇಲ್ಲ ಅಂತ ನೀನೇ ಯೋಳ್ಬೇಕು."

ಮಂಡ್ಯದ ಬೀದಿಯಲ್ಲಿ ಕಾರಿನ ಹಿಂದೆ ಅರ್ಧ ಊರು ಓಡಿಬಂತು. ತಿರುಮಲಮ್ಮನವರು ಆರತಿ ತಟ್ಟೆ ಹಿಡಿದು, ಚಕ್ರಕ್ಕೆ ನಿಂಬೆಹಣ್ಣು ತಯಾರು ಮಾಡಿಕೊಂಡು ಬಾಗಿಲಲ್ಲಿ ನಿಂತರು. ಕಾರು ಬಂದು ನಿಂತಿತು. ಒಂದು ಸೀಟಿನಲ್ಲಿ ಅಂಕಯ್ಯ, ಇನ್ನೊಂದರಲ್ಲಿ ಮರಿಯಯ್ಯ. ಆಕೆ ಆರತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹಿಂದೆ ಇಣುಕಿದರು, ಮತ್ತೊಮ್ಮೆ ಇಣುಕಿದರು.

"ನನ್ನ ಮಗ ಎಲ್ಲಿ ಕೂರ್ತಾನೆ?"

ವಕೀಲರು ಏನೋ ಹೇಳಲು ಮುಂದೆ ಬಂದರು. ಅದಕ್ಕೂ ಮುಂಚೆ ಅಂಕಯ್ಯ ಇಳಿದು ಟೋಪಿ ತೆಗೆದ.

"ಕಾರು ಚೆನ್ನಾಗದೆ ಅಮ್ನೋರೆ. ಸಬ್ದ ಗಿಬ್ದ ಏನೂ ಇಲ್ಲ. ನಂದೇ ತಪ್ಪು. ಇದು ಸ್ವಾಮ್ಯೋರೇ ಓಡ್ಸೋ ಕಾರು. ಹಗ್ಗ ಹಿಡಿಯೋ ಜಾಗಾನೇ ಇದ್ರಲ್ಲಿ ಯಜಮಾನ್ರ ಜಾಗ."

ತಿರುಮಲಮ್ಮನವರು ಮಗನನ್ನು ನೋಡಿದ ನೋಟವನ್ನು ನಾನು ಹೇಳಲಾರೆ. ಆದರೂ ಆರತಿ ಎತ್ತಿದರು, ಹೊಸ ವಸ್ತು ಬಾಗಿಲಿಗೆ ಬಂದಿದೆಯಲ್ಲ. ಆ ಭಾರಿ ಶೆಡ್ಡಿನೊಳಗೆ ಕಾರು ನಿಂತಾಗ ಕಣಜದೊಳಗಿನ ಇಲಿಯಂತೆ ಕಂಡಿತು. ಅಂಕಯ್ಯ ಕೋಟು, ಟೋಪಿ ಮಡಿಸಿ ಜಗಲಿಯ ಮೇಲಿಟ್ಟ. ಆಕೆ ಟೋಪಿಯನ್ನು ಎತ್ತಿ ವಾಪಸು ಅವನ ಕೈಗೆ ಕೊಟ್ಟರು. "ನಿನ್ನ ತಲೆ ಅಳತೆಗೆ ಹೊಲಿಸಿದ್ದು. ನಮಗೆ ಯಾರಿಗೆ ಆಗುತ್ತೆ?" ಎಂದರು. ಮರಿಯಯ್ಯ ಸುಳ್ಳಿನ ವಿಷಯವನ್ನು ಯಾರಿಗೂ ಹೇಳಲಿಲ್ಲ. ಬೆಂಗಳೂರಿನ ರೈಲು ಹತ್ತುವಾಗ ಅಂಕಯ್ಯನ ಭುಜ ಹಿಡಿದು, "ಕಿವಿ ಮಾತ್ರ ಕೆಡಿಸ್ಕಬ್ಯಾಡ" ಎಂದು ಹೋದ.

ಪುಟ್ಟಮಾದಯ್ಯ ಮತ್ತೆ ಕೆಲಸ ಕೊಟ್ಟ. ಕೊಡುವ ಮುಂಚೆ ಚೆನ್ನಾಗಿ ಗೇಲಿ ಮಾಡಿದ, ಅದು ಅವನ ಹಕ್ಕು.

ಮೊದಲ ದಿನ ಬಸ್ಸು ತುಂಬಿ ತುಳುಕುತ್ತಿತ್ತು. ಮಾಯಮ್ಮನೂ ತವರಿಗೆ ಹೋಗಲು ಮಳವಳ್ಳಿಗೆಂದು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಇದ್ದಿಲು ಹತ್ತಿತು, ಎಂಜಿನ್ನು ಗೊರಗುಟ್ಟಿತು. ಅಂಕಯ್ಯ ಬಸ್ಸನ್ನು ನಾಲ್ಕು ಮಾರು ಮುಂದೆ ಬಿಟ್ಟು ನಿಲ್ಲಿಸಿದ. ಇಳಿದ. ಹಿಂದಿನ ಚಕ್ರದ ಪಕ್ಕ ಕೂತು ತಲೆ ಓರೆ ಮಾಡಿದ.

"ಯಾಕ್ಲಾ?" ಎಂದ ಪುಟ್ಟಮಾದಯ್ಯ.

"ಚಕ್ರದಾಗೆ ಒಂದು ಸಬ್ದ ಅದೆ. ಬಿಚ್ಚಿ ನೋಡ್ದೆ ಓಡ್ಸಕಿಲ್ಲ."

"ನಂಗೇನು ಕೇಳ್ನಿಲ್ಲ. ಮ್ಯಾಕೆ ಅತ್ತು, ಓಡ್ಸು ಸುಮ್ಕೆ."

"ನಂಗೆ ಕೇಳ್ತು ಯಜಮಾನ್ರೆ."

ಪುಟ್ಟಮಾದಯ್ಯನ ಮುಖ ಕೆಂಪೇರಿತು. ಬಸ್ಸಿನೊಳಗೆ ಗುಜುಗುಜು ಶುರುವಾಯಿತು, ಸಂತೆಗೆ ಹೊತ್ತಾಗುತ್ತದೆ ಎಂದು ಒಬ್ಬ, ಕಾರಿನ ಗುಂಗು ಇನ್ನೂ ಇಳಿದಿಲ್ಲ ಎಂದು ಇನ್ನೊಬ್ಬ. ಅಂಕಯ್ಯ ನೆಲ ಬಿಟ್ಟು ಏಳಲಿಲ್ಲ. ಎದ್ದರೆ ಮತ್ತೆ ಕೂರಲಾರೆ ಎಂದು ಅವನಿಗೆ ಗೊತ್ತಿತ್ತು.

ಮಾಯಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಗಂಡನನ್ನು ನೋಡಿದಳು. ಊರಿನಲ್ಲಿ ಹೊಂಗೆಮರದ ಕೆಳಗಿನ ಮಾತು ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ದನಿ ತಗ್ಗಿಸಿ ಅವನಿಗಷ್ಟೇ ಕೇಳುವಂತೆ ಕೇಳಿದಳು.

"ದಿಟವಾಗ್ಲೂ ಕೇಳ್ತಾ?"

"ಊಂ ಕಣೆ. ಈ ಸಲ ದಿಟವಾಗ್ಲೂ ಕೇಳ್ತು."

ಅವಳು ಅವನ ಮುಖವನ್ನು ಇನ್ನೊಂದು ಕ್ಷಣ ನೋಡಿದಳು. ಆಮೇಲೆ ತಲೆ ಒಳಗೆಳೆದುಕೊಂಡು, ಬುಟ್ಟಿ ಎತ್ತಿ ಸೊಂಟಕ್ಕಿಟ್ಟು, ಜನರನ್ನು ಸರಿಸಿಕೊಂಡು ಬಾಗಿಲಿಗೆ ಬಂದಳು.

"ಓಡ್ಸೋರಿಗೆ ಕೇಳ್ತಂತೆ," ಎಂದಳು ಎಲ್ಲರಿಗೂ. "ನಾನು ಇಳ್ದೆ ಕಣ್ರಪ್ಪ."

ಅವಳ ಹಿಂದೆ ಕೋಳಿ ಹಿಡಿದ ಮುದುಕಿಯೊಬ್ಬಳು ಇಳಿದಳು. ಮುದುಕಿಯ ಹಿಂದೆ ಇನ್ನಿಬ್ಬರು. ನೋಡನೋಡುತ್ತ ಬಸ್ಸು ಬರಿದಾಯಿತು. ಪುಟ್ಟಮಾದಯ್ಯ ಖಾಲಿ ಬಸ್ಸನ್ನೂ ಕೆಳಗೆ ನಿಂತ ಜನರನ್ನೂ ಒಮ್ಮೆ ನೋಡಿದ. ಹೆಗಲ ಮೇಲಿನ ವಲ್ಲಿ ತೆಗೆದು ನೆಲಕ್ಕೆ ಹಾಸಿದ, ಮೊಣಕಾಲೂರಿ ಅಂಕಯ್ಯನ ಪಕ್ಕದಲ್ಲಿ ಕೂತ.

"ಎಲ್ಲಿ ಕೇಳ್ತು, ತೋರ್ಸು" ಎಂದ.